ಹೋಗಿ ಬಂದ ಊರುಗಳನ್ನೆಲ್ಲ ಒಂದೇ ನಕ್ಷೆಗೆ ತರುವುದು ಹೇಗೆ?

ಪ್ರಶ್ನೆ: ನಾನು ಸುಮಾರು 35 ವರ್ಷದಿಂದ ಊರೂರು ಸುತ್ತುತ್ತಿದ್ದೇನೆ. ಮೊದಮೊದಲು ಅಮ್ಮನ ಜೊತೆ, ಆಮೇಲೆ ಕೆಲಸದ ಮೇಲೆ, ಈಗ ಒಬ್ಬಳೇ. ಇದನ್ನೆಲ್ಲ ಒಂದೇ ನಕ್ಷೆಯಲ್ಲಿ ನೋಡಬೇಕು ಅಂತ ತುಂಬಾ ದಿನದ ಆಸೆ. ಈಚಿನ ಕೆಲವು ವರ್ಷದ್ದು ಫೋನಿನಲ್ಲಿದೆ. ಹಳೆಯದಕ್ಕೆ ಆಲ್ಬಮ್ಮು, ಹಳೆ ಪಾಸ್‌ಪೋರ್ಟು ಬಿಟ್ಟರೆ ಏನೂ ಇಲ್ಲ. ಯಾವ ಆ್ಯಪ್ ಒಳ್ಳೆಯದು? ವಿಮಾನ ಬದಲಿಸಲು ಇಳಿದ ಊರನ್ನೂ ಲೆಕ್ಕಕ್ಕೆ ಹಿಡಿಯಬಹುದಾ? ನಕ್ಷೆಯನ್ನು ಬೇರೆಯವರಿಗೆ ತೋರಿಸಿದರೆ ತೊಂದರೆ ಇದೆಯಾ?

ಉತ್ತರ: ಯಾವ ಆ್ಯಪ್ ಅನ್ನುವುದನ್ನು ಕೊನೆಗೆ ಇಟ್ಟುಕೊಳ್ಳಿ. ಇದನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣ ಇದೆ. ನಾನೂ ಹಾಗೇ ಶುರು ಮಾಡಿದವನು. ಚೆನ್ನಾಗಿ ಕಂಡ ಒಂದು ತಾಣದಲ್ಲಿ ಖಾತೆ ತೆರೆದು, ಆರೇಳು ವರ್ಷ ಒಂದೊಂದೇ ಪಿನ್ ಚುಚ್ಚುತ್ತಾ ಬಂದೆ, ಪ್ರತಿ ಪಿನ್ನಿಗೂ ನಾಲ್ಕು ಸಾಲಿನ ಟಿಪ್ಪಣಿ ಬರೆದೆ. ಒಂದು ದಿನ ಆ ತಾಣ ಮುಚ್ಚಿತು. ಮಾಹಿತಿ ಇಳಿಸಿಕೊಳ್ಳಲು ಕೊಟ್ಟಿದ್ದ ಗಡುವಿನ ಮೇಲ್ ಬಂದಿದ್ದು ನಾನು ಬಳಸುವುದನ್ನೇ ಬಿಟ್ಟಿದ್ದ ಹಳೆಯ ವಿಳಾಸಕ್ಕೆ. ನಕ್ಷೆ ಹೋಯಿತು ಅನ್ನುವುದಕ್ಕಿಂತ ಆ ಟಿಪ್ಪಣಿಗಳು ಹೋದವಲ್ಲ, ಅದರ ನೋವು ಇನ್ನೂ ಇದೆ. ಅಂದಿನಿಂದ ಯಾರು ಕೇಳಿದರೂ ಒಂದೇ ಮಾತು ಹೇಳುತ್ತೇನೆ: ನಿಮ್ಮ ಕೈಯಲ್ಲಿ ಉಳಿಯಬೇಕಾದ್ದು ಪಟ್ಟಿ. ಪಟ್ಟಿ ಗಟ್ಟಿಯಾಗಿದ್ದರೆ ನಕ್ಷೆಯನ್ನು ಯಾವಾಗ ಬೇಕಾದರೂ, ಯಾವುದರಲ್ಲಿ ಬೇಕಾದರೂ ಅರ್ಧ ಗಂಟೆಯಲ್ಲಿ ಎಬ್ಬಿಸಬಹುದು.

ಹಾಗಾಗಿ ಒಂದು ಮಾಮೂಲಿ ಸ್ಪ್ರೆಡ್‌ಶೀಟ್ ತೆರೆಯಿರಿ. ಒಂದು ಭೇಟಿಗೆ ಒಂದು ಸಾಲು. ಒಂದೇ ಊರಿಗೆ ಮೂರು ಸಲ ಹೋಗಿದ್ದರೆ ಮೂರು ಸಾಲು. ಊರಿನ ಹೆಸರು, ಆಗ ಇದ್ದ ಹೆಸರು ಬೇರೆಯಾಗಿದ್ದರೆ ಅದು, ದೇಶ, ಅಕ್ಷಾಂಶ, ರೇಖಾಂಶ, ಬಂದ ದಿನ, ಹೊರಟ ದಿನ, ಜೊತೆಗೆ ಯಾರಿದ್ದರು, ಹೇಗೆ ಹೋದಿರಿ, ಇದು ನಿಮಗೆ ಎಲ್ಲಿಂದ ತಿಳಿಯಿತು, ಎಷ್ಟು ಖಾತ್ರಿ. ಕೊನೆಯ ಎರಡು ಕಾಲಂ ಮುಖ್ಯ. 'ಪಾಸ್‌ಪೋರ್ಟ್ ಮುದ್ರೆ', 'ಅಮ್ಮ ಹೇಳಿದ್ದು', 'ಫೋಟೊದ ಹಿಂದೆ ಬರೆದದ್ದು' ಅಂತ ಬರೆದಿಟ್ಟರೆ ಐದು ವರ್ಷದ ಮೇಲೆ ನೀವೇ ನೋಡುವಾಗ ಯಾವುದನ್ನು ನಂಬಬೇಕು ಅಂತ ಗೊತ್ತಾಗುತ್ತದೆ. ಬರೆಯದಿದ್ದರೆ ಊಹೆ, ನೆನಪು, ದಾಖಲೆ ಮೂರೂ ಒಂದೇ ಬಣ್ಣದ ಪಿನ್ ಆಗಿ ಕೂತುಬಿಡುತ್ತವೆ.

ಆಗಿನ ಹೆಸರು ಯಾಕೆ ಅಂದರೆ, 1990ರಲ್ಲಿ ಯಾರಾದರೂ ಲೆನಿನ್‌ಗ್ರಾಡ್‌ಗೆ ಹೋಗಿದ್ದರೆ ಅವರ ಟಿಕೆಟ್ಟಿನಲ್ಲಿ, ಪತ್ರದಲ್ಲಿ ಆ ಹೆಸರೇ ಇರುತ್ತದೆ. 1991ರಲ್ಲಿ ಅದು ಮತ್ತೆ ಸೇಂಟ್ ಪೀಟರ್ಸ್‌ಬರ್ಗ್ ಆಯಿತು. ಅದೇ ವರ್ಷದ ಕೊನೆಗೆ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಚೆಕೊಸ್ಲೊವಾಕಿಯಾ 1993ರ ಜನವರಿ 1ಕ್ಕೆ ಎರಡಾಯಿತು, ಸುಡಾನ್ 2011ರ ಜುಲೈನಲ್ಲಿ ಎರಡಾಯಿತು. 35 ವರ್ಷದ ಪ್ರಯಾಣ ಅಂದರೆ ಇಂಥದ್ದು ಒಂದಾದರೂ ಎದುರಾಗುತ್ತದೆ. ಆಗ ದೇಶದ ಹೆಸರಿನ ಮೇಲೆ ನಿಂತ ಪಟ್ಟಿ ಅಲ್ಲಾಡುತ್ತದೆ, ಅಕ್ಷಾಂಶ ರೇಖಾಂಶ ಮಾತ್ರ ಎಲ್ಲಿದ್ದವೋ ಅಲ್ಲೇ ಇರುತ್ತವೆ.

ಈಗ ವಿಮಾನ ನಿಲ್ದಾಣದ ಪ್ರಶ್ನೆ. ಇದಕ್ಕೆ ಜಗತ್ತಿಗೆಲ್ಲ ಒಪ್ಪುವ ನಿಯಮ ಇಲ್ಲ. 1954ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾದ ಟ್ರಾವೆಲರ್ಸ್ ಸೆಂಚುರಿ ಕ್ಲಬ್ ಅಂತ ಒಂದಿದೆ, 100 ದೇಶ ಅಥವಾ ಪ್ರದೇಶ ನೋಡಿದವರು ಅದಕ್ಕೆ ಸೇರಬಹುದು. ಅವರ ಪಟ್ಟಿಯಲ್ಲಿ 300ಕ್ಕೂ ಜಾಸ್ತಿ ಹೆಸರುಗಳಿವೆ, ಯಾಕೆಂದರೆ ದೂರದ ದ್ವೀಪಗಳನ್ನು ಬೇರೆಯಾಗಿಯೇ ಎಣಿಸುತ್ತಾರೆ. ಇಂಧನ ತುಂಬಿಸಲು ವಿಮಾನ ಇಳಿದರೂ ಅವರಿಗೆ ಅದು ಭೇಟಿಯೇ. ವಿಶ್ವಸಂಸ್ಥೆಯ ಲೆಕ್ಕ ಹಿಡಿದರೆ ಸದಸ್ಯ ದೇಶಗಳು 193. ನೀವು ಸ್ಪರ್ಧೆಗೆ ಇಳಿದಿಲ್ಲ, ಅಲ್ವಾ? ಹಾಗಿದ್ದರೆ 'ಹೋಗಿದ್ದೆ, ಹೋಗಿಲ್ಲ' ಅನ್ನುವ ಜಗಳವನ್ನೇ ಬಿಡಿ. ಭೇಟಿಯ ಬಗೆ ಅಂತ ಇನ್ನೊಂದು ಕಾಲಂ ಹಾಕಿ: ಹಾದುಹೋದದ್ದು, ಕಾಲಿಟ್ಟದ್ದು, ರಾತ್ರಿ ತಂಗಿದ್ದು, ವಾಸ ಇದ್ದದ್ದು. ವಿಮಾನ ನಿಲ್ದಾಣ ಮೊದಲನೆಯದಕ್ಕೆ ಹೋಗುತ್ತದೆ. ನಕ್ಷೆಯಲ್ಲಿ ಅದನ್ನು ಸಣ್ಣ ಟೊಳ್ಳು ವೃತ್ತವಾಗಿ ತೋರಿಸಿ, ತಂಗಿದ ಊರನ್ನು ತುಂಬಿದ ವೃತ್ತವಾಗಿ ತೋರಿಸಿ. ಮುಂದೊಂದು ದಿನ ಮನಸ್ಸು ಬದಲಾದರೆ ಒಂದು ಫಿಲ್ಟರ್ ಒತ್ತಿದರೆ ಸಾಕು. ನನ್ನ ಅಭಿಪ್ರಾಯ ಕೇಳಿದರೆ ರಾತ್ರಿ ತಂಗಿದ ಊರುಗಳಷ್ಟನ್ನೇ ಇಟ್ಟ ನಕ್ಷೆಯೇ ಹೆಚ್ಚು ಮಾತಾಡುತ್ತದೆ. ಆದರೆ ರೈಲಿನ ಕಿಟಕಿಯಿಂದ ಮಾತ್ರ ನೋಡಿದ ಒಂದು ಊರು ಜೀವನಪೂರ್ತಿ ನೆನಪಲ್ಲಿ ಉಳಿಯುವುದೂ ಉಂಟು, ಅದಕ್ಕೇ ಯಾವುದನ್ನೂ ಅಳಿಸಬೇಡಿ ಅನ್ನುತ್ತೇನೆ.

ಅಕ್ಷಾಂಶ ರೇಖಾಂಶ ಬರೆಯುವಾಗ ದಶಮಾಂಶ ರೂಪದಲ್ಲಿ ಬರೆಯಿರಿ, ಡಿಗ್ರಿ ನಿಮಿಷ ಸೆಕೆಂಡು ಬೇಡ. ಎಷ್ಟು ಅಂಕಿ ಬೇಕು ಅಂತ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಒಂದು ಡಿಗ್ರಿ ಅಕ್ಷಾಂಶ ಅಂದರೆ ಸುಮಾರು 111 ಕಿಲೋಮೀಟರ್. ಹಾಗಾಗಿ ಬಿಂದುವಿನ ಆಚೆ ಎರಡು ಅಂಕಿ ಇದ್ದರೆ ಸುಮಾರು 1 ಕಿಲೋಮೀಟರ್, ಮೂರಿದ್ದರೆ 111 ಮೀಟರ್, ನಾಲ್ಕಿದ್ದರೆ 11 ಮೀಟರ್, ಐದಿದ್ದರೆ ಒಂದು ಮೀಟರಿನ ಆಸುಪಾಸು. ಊರಿಗೆ ಎರಡು ಸಾಕು, ಒಂದು ಕಟ್ಟಡಕ್ಕೆ ನಾಲ್ಕು ಸಾಕು. ಇಡೀ ದಿನ ಅಲೆದಾಡಿದ ಊರಿಗೆ ಎಂಟು ಅಂಕಿ ಬರೆದರೆ ಇಲ್ಲದ ಖಾತ್ರಿಯನ್ನು ನಾವೇ ಸೃಷ್ಟಿ ಮಾಡಿದ ಹಾಗೆ.

ಇಲ್ಲಿ ಆಗುವ ತಪ್ಪುಗಳು ಯಾವಾಗಲೂ ಅವೇ. ಅಕ್ಷಾಂಶ ರೇಖಾಂಶ ಅದಲು ಬದಲಾಗುವುದು ಮೊದಲನೆಯದು. ನಾವು ಮಾತಿನಲ್ಲಿ ಅಕ್ಷಾಂಶ ಮೊದಲು ಹೇಳುತ್ತೇವೆ, ನಕ್ಷೆ ಸಾಧನಗಳು ಬಳಸುವ ಜಿಯೋಜೇಸನ್ ಮತ್ತು ಕೆಎಂಎಲ್ ಎಂಬ ಬಗೆಯ ಕಡತಗಳಲ್ಲಿ ರೇಖಾಂಶ ಮೊದಲು ಬರುತ್ತದೆ. ಊರು ಸಮುದ್ರದ ಮಧ್ಯೆ ಬಿದ್ದಿದ್ದರೆ ಮೊದಲು ಇದನ್ನೇ ನೋಡಿ. ಆಫ್ರಿಕಾದ ಪಶ್ಚಿಮಕ್ಕೆ ಗಿನಿ ಕೊಲ್ಲಿಯ ನೀರಿನಲ್ಲಿ ಪಿನ್ನುಗಳ ಗುಂಪು ಕಂಡರೆ ಆ ಸಾಲುಗಳ ಅಂಕಿ ಖಾಲಿ ಇದ್ದು ಸೊನ್ನೆಯಾಗಿ ಓದಿಕೊಂಡಿದೆ ಅಂತ ಅರ್ಥ. ಅದು 0, 0 ಬಿಂದು, ನಕ್ಷೆ ಕೆಲಸದವರು ಅದನ್ನು ನಲ್ ಐಲ್ಯಾಂಡ್ ಅಂತ ಕರೆಯುತ್ತಾರೆ, ಅಲ್ಲಿ ದ್ವೀಪ ಏನೂ ಇಲ್ಲ. ಇನ್ನೊಂದು, ಒಂದೇ ಹೆಸರಿನ ಊರುಗಳು. ಟ್ರಿಪೊಲಿ ಲಿಬಿಯಾದಲ್ಲೂ ಇದೆ, ಲೆಬನಾನ್‌ನಲ್ಲೂ ಇದೆ. ವೆಲೆನ್ಸಿಯಾ ಸ್ಪೇನ್‌ನಲ್ಲೂ ಇದೆ, ವೆನೆಜುವೆಲಾದಲ್ಲೂ ಇದೆ. ಸ್ಯಾನ್ ಹೊಸೆಗಳಂತೂ ಲೆಕ್ಕವಿಲ್ಲ. ಹೆಸರುಗಳ ಪಟ್ಟಿಯನ್ನು ಒಟ್ಟಿಗೆ ಕೊಟ್ಟು ಜಾಗ ಹುಡುಕಿಸಿದರೆ ಯಂತ್ರ ತನಗೆ ತೋಚಿದ ಊರನ್ನು ಆರಿಸಿಬಿಡುತ್ತದೆ. ದೇಶದ ಹೆಸರನ್ನೂ ಸೇರಿಸಿ ಕೊಡಿ, ಬಂದ ಮೇಲೆ ಒಂದೊಂದನ್ನೂ ಕಣ್ಣಲ್ಲಿ ನೋಡಿ. 300 ಸಾಲು ಇದ್ದರೂ ಒಂದು ಸಂಜೆಯ ಕೆಲಸ.

ಚೀನಾದಲ್ಲಿ ಓಡಾಡಿದ್ದರೆ ಒಂದು ವಿಷಯ ತಿಳಿದಿರಲಿ. ಅಲ್ಲಿನ ಕಾನೂನಿನ ಪ್ರಕಾರ ಸಾರ್ವಜನಿಕ ನಕ್ಷೆಗಳು ಜಿಸಿಜೆ-02 ಅನ್ನುವ, ಅಕ್ಷಾಂಶ ರೇಖಾಂಶದ ಬೇರೆಯೇ ಲೆಕ್ಕ ಬಳಸುತ್ತವೆ, ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್ 84. ಎರಡಕ್ಕೂ ಕೆಲವು ನೂರು ಮೀಟರ್ ವ್ಯತ್ಯಾಸ. ನಿಮ್ಮ ನಡಿಗೆಯ ಗೆರೆ ನದಿಯ ಮೇಲೆ ಹೋದ ಹಾಗೆ ಕಂಡರೆ ಫೋನು ಕೆಟ್ಟಿದೆ ಅಂದುಕೊಳ್ಳಬೇಡಿ.

ಇನ್ನೊಂದು ನಮ್ಮಂಥವರಿಗೆ ಬರುವ ತೊಂದರೆ. ಟಿಪ್ಪಣಿಯನ್ನು ಕನ್ನಡದಲ್ಲಿ ಬರೆದರೆ, ಬರೆಯಲೇಬೇಕು ಅನ್ನುವವನು ನಾನು, ಪಟ್ಟಿಯನ್ನು ನಕ್ಷೆಗೆ ಕೊಡಲು ಸರಳ ಪಠ್ಯ ಕಡತವಾಗಿ (ಸಿಎಸ್‌ವಿ) ಉಳಿಸುವಾಗ 'ಸಿಎಸ್‌ವಿ ಯುಟಿಎಫ್-8' ಅನ್ನುವ ಆಯ್ಕೆಯನ್ನೇ ಒತ್ತಿ. ಬರೀ ಸಿಎಸ್‌ವಿ ಅಂತ ಉಳಿಸಿದರೆ ಕನ್ನಡ ಅಕ್ಷರಗಳೆಲ್ಲ ಪ್ರಶ್ನೆ ಚಿಹ್ನೆಗಳಾಗಿ ಹೋಗಬಹುದು. ಒಮ್ಮೆ ಹೋದರೆ ಅವು ಆ ಕಡತದಿಂದ ವಾಪಸ್ ಬರುವುದಿಲ್ಲ.

ಈಗ ಮಾಹಿತಿ ಕಲೆಹಾಕುವ ಕೆಲಸ. ಈಚಿನದು ಸುಲಭ ಅನ್ನಿಸುತ್ತದೆ, ಆದರೆ ತುರ್ತು ಇರುವುದು ಅಲ್ಲೇ. ಫೋನು ಹೋದ ಜಾಗಗಳನ್ನು ತಾನಾಗಿ ಬರೆದಿಡುವ ಗೂಗಲ್ ಟೈಮ್‌ಲೈನ್ ಬಳಸುತ್ತಿದ್ದರೆ, 2024ರಿಂದ ಆ ದಾಖಲೆ ಅವರ ಸರ್ವರ್ ಬಿಟ್ಟು ನಿಮ್ಮ ಫೋನಿನೊಳಕ್ಕೆ ಬಂದಿದೆ, ಕಂಪ್ಯೂಟರ್‌ನಲ್ಲಿ ತೆರೆದು ನೋಡುವುದು ನಿಂತಿದೆ. ಆ ಬದಲಾವಣೆಯ ಹೊತ್ತಿಗೆ ನಾವೇ ಏನೂ ಆರಿಸದಿದ್ದರೆ ಮೂರು ತಿಂಗಳಿಗಿಂತ ಹಳೆಯದು ತಾನಾಗಿ ಅಳಿಯುವ ಹಾಗೆ ಇಟ್ಟಿದ್ದರು. ಇವತ್ತೇ ಸೆಟ್ಟಿಂಗ್ ತೆರೆದು ಅಳಿಸುವ ಅವಧಿ ನೋಡಿ, ಬ್ಯಾಕಪ್ ಹಾಕಿ, ಆಂಡ್ರಾಯ್ಡ್ ಆಗಿದ್ದರೆ ಲೊಕೇಶನ್ ಸೆಟ್ಟಿಂಗ್ ಒಳಗೆ ಟೈಮ್‌ಲೈನ್ ಎಕ್ಸ್‌ಪೋರ್ಟ್ ಅಂತ ಇದೆ, ಒತ್ತಿ ಒಂದು ಪ್ರತಿ ತೆಗೆದಿಡಿ. ಅದರಲ್ಲಿರುವುದನ್ನೆಲ್ಲ ನಂಬಬೇಡಿ. ಪಕ್ಕದ ಕಟ್ಟಡಕ್ಕೆ ಹೋದ ಹಾಗೆ, ಬಸ್ಸಿನಲ್ಲಿ ಹೋದದ್ದನ್ನು ಕಾರು ಅಂತ ಬರೆದ ಹಾಗೆ ತಪ್ಪುಗಳು ಬೇಕಾದಷ್ಟು ಇರುತ್ತವೆ. ಅದು ನೆನಪಿಗೆ ಊರುಗೋಲು, ಅಷ್ಟೇ.

ಫೋನಿನಲ್ಲಿ ತೆಗೆದ ಫೋಟೊಗಳು ಅದಕ್ಕಿಂತ ಒಳ್ಳೆಯ ಸಾಕ್ಷಿ. ಫೋಟೊ ಕಡತದ ಒಳಗೇ ಎಕ್ಸಿಫ್ ಅನ್ನುವ ಮಾಹಿತಿ ಇರುತ್ತದೆ: ಸಮಯ, ಕ್ಯಾಮೆರಾ, ಲೊಕೇಶನ್ ಆನ್ ಇದ್ದರೆ ಜಾಗವೂ. ಆದರೆ ಮೂಲ ಫೋಟೊ ಬೇಕು. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದ್ದರಲ್ಲಿ ಜಾಗದ ಮಾಹಿತಿ ಕಿತ್ತುಹೋಗಿರುತ್ತದೆ, ಗೆಳೆಯರ ಹತ್ತಿರ ಕೇಳುವಾಗ 'ಡಾಕ್ಯುಮೆಂಟ್ ಆಗಿ ಕಳಿಸು' ಅಂತ ಕೇಳಿ. ಬೇರೆ ಕ್ಯಾಮೆರಾದಲ್ಲಿ ತೆಗೆದದ್ದಕ್ಕೆ ಬಹುಮಟ್ಟಿಗೆ ಜಾಗ ಇರುವುದಿಲ್ಲ, ಸಮಯ ಇರುತ್ತದೆ, ಆ ಸಮಯವೂ ಸಾಮಾನ್ಯವಾಗಿ ಕ್ಯಾಮೆರಾದ ಗಡಿಯಾರ ಯಾವ ದೇಶದ ಹೊತ್ತಿಗೆ ನಿಂತಿತ್ತೋ ಅದು. ಮುಂದಿನ ಪ್ರಯಾಣಗಳಿಗೆ ಒಂದು ಉಪಾಯ ಹೇಳುತ್ತೇನೆ. ದಿನಕ್ಕೊಮ್ಮೆ ಆ ಕ್ಯಾಮೆರಾದಲ್ಲಿ ಫೋನಿನ ಗಡಿಯಾರದ್ದೇ ಒಂದು ಫೋಟೊ ತೆಗೆಯಿರಿ, ಸೆಕೆಂಡು ಕಾಣುವ ಹಾಗೆ. ಮನೆಗೆ ಬಂದ ಮೇಲೆ ಕ್ಯಾಮೆರಾ ಎಷ್ಟು ಮುಂದೆ, ಎಷ್ಟು ಹಿಂದೆ ಅಂತ ಗೊತ್ತಾಗುತ್ತದೆ. ಫೋನಿನಲ್ಲಿ ನಡಿಗೆಯ ಗೆರೆಯನ್ನೂ ದಾಖಲಿಸಿದ್ದರೆ, ಎಕ್ಸಿಫ್‌ಟೂಲ್ ಅನ್ನುವ ಉಚಿತ ಸಾಧನ ಎರಡೂ ಸಮಯಗಳನ್ನು ಜೋಡಿಸಿ ಪ್ರತಿ ಫೋಟೊಗೂ ಜಾಗ ಬರೆದುಕೊಡುತ್ತದೆ. ಗೆರೆಯ ಕಡತದಲ್ಲಿ ಸಮಯ ಊರಿನ ಹೊತ್ತಿನಲ್ಲಿರದೆ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ಇರುತ್ತದೆ ಅನ್ನುವುದನ್ನು ಮರೆಯಬೇಡಿ, ಮರೆತರೆ ಫೋಟೊಗಳೆಲ್ಲ ಕೆಲವು ಗಂಟೆ ಆಚೀಚೆ ಹೋಗಿ ಕೂರುತ್ತವೆ.

ಹಳೆಯದಕ್ಕೆ ಬರೋಣ, ನನಗೆ ಇಷ್ಟವಾದ ಭಾಗ ಇದು. ಮೊದಲು ಗೂಟ ಹೊಡೆಯಬೇಕು. ಅಂದರೆ ದಿನಾಂಕ ಖಾತ್ರಿ ಇರುವ ಸಂಗತಿಗಳನ್ನು ಮೊದಲು ಬರೆದು, ಉಳಿದದ್ದನ್ನು ಅವುಗಳ ನಡುವೆ ಹೊಂದಿಸುವುದು. ಪಾಸ್‌ಪೋರ್ಟಿನ ಮುದ್ರೆ ಗಟ್ಟಿ ಗೂಟ. ಆದರೆ 03-04-1996 ಅಂತ ಇದ್ದರೆ ಏಪ್ರಿಲ್ ಮೂರೋ ಮಾರ್ಚ್ ನಾಲ್ಕೋ ಅಂತ ಆ ದೇಶದ ಪದ್ಧತಿ ನೋಡಿಯೇ ತೀರ್ಮಾನಿಸಬೇಕು. ಅದಕ್ಕೇ ನಿಮ್ಮ ಪಟ್ಟಿಯಲ್ಲಿ ವರ್ಷ, ತಿಂಗಳು, ದಿನ ಈ ಕ್ರಮದಲ್ಲೇ ಬರೆಯಿರಿ, ಗೊಂದಲವೂ ಇರುವುದಿಲ್ಲ, ತಾನಾಗಿ ಸಾಲಾಗಿಯೂ ನಿಲ್ಲುತ್ತದೆ. ಯೂರೋಪಿನ ಷೆಂಗೆನ್ ದೇಶಗಳ ಮುದ್ರೆ ಸಿಕ್ಕರೆ ಹಿಗ್ಗಿ, ಅದರಲ್ಲಿ ದೇಶದ ಅಕ್ಷರ, ಒಳಗೆ ಬಂದಿರೋ ಹೊರಗೆ ಹೋದಿರೋ ಅನ್ನುವ ಬಾಣ, ವಿಮಾನವೋ ಹಡಗೋ ರೈಲೋ ಕಾರೋ ಅನ್ನುವ ಸಣ್ಣ ಚಿತ್ರ ಎಲ್ಲ ಇರುತ್ತದೆ. ಆದರೆ 1995ರಿಂದ ಆ ದೇಶಗಳ ನಡುವಿನ ಗಡಿಗಳಲ್ಲಿ ಮುದ್ರೆ ಒತ್ತುವುದು ಹಂತಹಂತವಾಗಿ ನಿಂತಿತು. ಹಾಗಾಗಿ ಒಂದು ಕಡೆ ಒಳಗೆ, ಇನ್ನೊಂದು ಕಡೆ ಹೊರಗೆ ಅಂತ ಎರಡೇ ಮುದ್ರೆ, ನಡುವೆ ಐದು ದೇಶ ಸುತ್ತಿದ್ದಕ್ಕೆ ಪಾಸ್‌ಪೋರ್ಟಿನಲ್ಲಿ ಗುರುತೇ ಇರುವುದಿಲ್ಲ. 2025ರ ಅಕ್ಟೋಬರ್‌ನಿಂದ ಅಲ್ಲಿ ಮುದ್ರೆಯ ಬದಲು ಮುಖದ ಫೋಟೊ, ಬೆರಳಚ್ಚು ದಾಖಲಿಸುವ ವ್ಯವಸ್ಥೆಯೂ ಶುರುವಾಗಿದೆ. ಇನ್ನು ಮುಂದೆ ನೀವೇ ಬರೆದಿಟ್ಟುಕೊಳ್ಳಬೇಕು.

ಪ್ರಿಂಟ್ ಹಾಕಿಸಿದ ಫೋಟೊದ ಹಿಂದೆ ದಿನಾಂಕ ಇದ್ದರೆ ಅದು ತೊಳೆಸಿದ ದಿನ ಇರಬಹುದು. ಪ್ರಯಾಣ ಅದಕ್ಕಿಂತ ಮೊದಲು ಆಗಿತ್ತು ಅಂತಷ್ಟೇ ಅದರಿಂದ ಹೇಳಬಹುದು, ಅಷ್ಟೂ ದೊಡ್ಡ ಸಹಾಯವೇ. ಇಂಥದ್ದಕ್ಕೆ ಒಂದು ದಿನಾಂಕದ ಬದಲು 'ಇದಕ್ಕಿಂತ ಮುಂಚೆ ಇಲ್ಲ', 'ಇದಕ್ಕಿಂತ ತಡ ಇಲ್ಲ' ಅಂತ ಎರಡು ಕಾಲಂ ಇಡಿ. '1994ರ ಮಳೆಗಾಲ' ಅಂತ ಮಾತ್ರ ಗೊತ್ತಿದ್ದರೆ ಜೂನ್‌ನಿಂದ ಸೆಪ್ಟೆಂಬರ್. ಸುಮ್ನೆ 1994-07-01 ಅಂತ ತುಂಬಿಬಿಡಬೇಡಿ, ಹತ್ತು ವರ್ಷದ ಮೇಲೆ ಅದು ನಿಜವಾದ ದಿನಾಂಕ ಅಂತ ನೀವೇ ನಂಬುತ್ತೀರಿ. ಹಳೆಯ ಮೇಲ್ ಪೆಟ್ಟಿಗೆಯಲ್ಲಿ 'ಬುಕಿಂಗ್', 'ಟಿಕೆಟ್' ಅಂತ ಹುಡುಕಿ, ಅಂಚೆ ಮುದ್ರೆ ಇರುವ ಪತ್ರಗಳನ್ನು ತೆಗೆಯಿರಿ, ಬ್ಯಾಂಕಿನ ಹಳೆ ಪಟ್ಟಿ ಇದ್ದರೆ ಅದೂ ಆಗುತ್ತದೆ.

ಚುಕ್ಕೆಗಳು ಬಂದ ಮೇಲೆ ಗೆರೆಗಳು. ನನ್ನ ಮಟ್ಟಿಗೆ ಪ್ರಯಾಣದ ನಕ್ಷೆಗೆ ಜೀವ ಬರುವುದು ಇಲ್ಲಿ. ಪಿನ್ನುಗಳು ಎಲ್ಲಿ ಹೋಗಿದ್ದಿರಿ ಅಂತ ಹೇಳುತ್ತವೆ, ಯಾವುದರ ನಂತರ ಯಾವುದು, ಯಾವ ಬೆಟ್ಟ ಸುತ್ತಿಕೊಂಡು, ಯಾವ ನದಿ ದಾಟಿ ಅಂತ ಹೇಳುವುದು ಗೆರೆ. ಮುಂದಿನ ಪ್ರಯಾಣಗಳಿಗೆ ಓಎಸ್‌ಎಂಆ್ಯಂಡ್ ಅಥವಾ ಆರ್ಗ್ಯಾನಿಕ್ ಮ್ಯಾಪ್ಸ್‌ನಲ್ಲಿ ದಾಖಲೆ ಒತ್ತಿಟ್ಟರೆ ಆಯಿತು, ಎರಡೂ ಇಂಟರ್ನೆಟ್ ಇಲ್ಲದೆ ನಡೆಯುತ್ತವೆ. ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಿಲ್ಲ, ಆಕಾಶ ಕಾಣಬೇಕು, ನಾಲ್ಕು ಉಪಗ್ರಹವಾದರೂ ಸಿಗಬೇಕು, ಅಷ್ಟೇ. ಎತ್ತರದ ಕಟ್ಟಡಗಳ ನಡುವೆ, ಆಳದ ಕಣಿವೆಯಲ್ಲಿ ಗೆರೆ ಒದ್ದಾಡುತ್ತದೆ, ಸುರಂಗದಲ್ಲಿ ನಿಂತೇ ಹೋಗುತ್ತದೆ. ಉಳಿಸುವಾಗ ಜಿಪಿಎಕ್ಸ್ ಎಂಬ ಬಗೆಯ ಕಡತವಾಗಿ ಉಳಿಸಿ, ಬಹುತೇಕ ಎಲ್ಲ ನಕ್ಷೆ ಸಾಧನಗಳೂ ಅದನ್ನು ಓದುತ್ತವೆ. ಸೆಕೆಂಡಿಗೊಂದು ಬಿಂದು ಹಿಡಿದರೆ ಎಂಟು ಗಂಟೆಗೆ 28,800 ಬಿಂದು, ಅಂಥ ನೂರು ದಿನ ಸೇರಿದರೆ ನಕ್ಷೆ ತೆರೆಯುವುದೇ ಕಷ್ಟ. ಮೂಲವನ್ನು ಒಂದು ಕಡೆ ಭದ್ರವಾಗಿ ಇಟ್ಟು, ನಕ್ಷೆಗೆ ಹಾಕುವ ಪ್ರತಿಯಲ್ಲಿ ಗೆರೆ 10 ಮೀಟರಿಗಿಂತ ಹೆಚ್ಚು ಸರಿಯದ ಹಾಗೆ ಬಿಂದುಗಳನ್ನು ಕಡಿಮೆ ಮಾಡಿಸಿ. ಕ್ಯೂಜಿಐಎಸ್ ಅನ್ನುವ ಕಂಪ್ಯೂಟರ್ ನಕ್ಷೆ ಸಾಧನದಲ್ಲಿ ಅದು ಒಂದು ಆಜ್ಞೆ, ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ.

ಹಳೆಯ ಪ್ರಯಾಣದ ಗೆರೆ ಕೈಯಲ್ಲೇ ಎಳೆಯಬೇಕು. ಈಗಿನ ದಾರಿ ತೋರಿಸುವ ಆ್ಯಪ್ ಕೇಳಿದರೆ ಈಗಿನ ಹೆದ್ದಾರಿಯನ್ನು ಕೊಡುತ್ತದೆ, ನೀವು 1992ರಲ್ಲಿ ಹೋದದ್ದು ಊರೊಳಗಿನ ಹಳೆ ರಸ್ತೆಯಲ್ಲಿ ಇರಬಹುದು. ಗೂಗಲ್ ಅರ್ಥ್‌ನ ಡೆಸ್ಕ್‌ಟಾಪ್ ಆವೃತ್ತಿಯಲ್ಲಿ ಹಳೆಯ ಉಪಗ್ರಹ ಚಿತ್ರಗಳಿಗೆ ಹಿಂದೆ ಸರಿಯುವ ಪಟ್ಟಿ ಇದೆ, ಕೆಲವು ಕಡೆ ಚಿತ್ರ ಸ್ಪಷ್ಟ, ಕೆಲವು ಕಡೆ ಮಸುಕು. ಸೇತುವೆ ಆಗ ಇತ್ತೋ ಇಲ್ಲವೋ, ಅಣೆಕಟ್ಟಿನ ನೀರು ಎಲ್ಲಿಯವರೆಗೆ ಇತ್ತು ಅನ್ನುವಷ್ಟಾದರೂ ತಿಳಿಯುತ್ತದೆ. ಖಾತ್ರಿ ಇರುವ ದಾರಿಗೆ ತುಂಬಿದ ಗೆರೆ, ಊಹೆಗೆ ಚುಕ್ಕೆ ಗೆರೆ. ವಿಮಾನಕ್ಕೆ ತೆಳು ಬಣ್ಣ ಇಡಿ, ಇಲ್ಲದಿದ್ದರೆ ನಾಲ್ಕು ವಿಮಾನ ಪ್ರಯಾಣ ಸೇರಿ ನಾಲ್ಕು ವರ್ಷದ ನಡಿಗೆಯನ್ನು ಮುಚ್ಚಿಹಾಕುತ್ತವೆ. ಟೋಕಿಯೊದಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಗೆರೆ ಎಳೆದರೆ ಅದು ಪೆಸಿಫಿಕ್ ಬಿಟ್ಟು ಏಷ್ಯಾ, ಯೂರೋಪ್ ಎಲ್ಲ ದಾಟಿ ಉಲ್ಟಾ ಸುತ್ತಿಕೊಂಡು ಹೋದ ಹಾಗೆ ಕಾಣಬಹುದು. 180 ಡಿಗ್ರಿ ರೇಖಾಂಶದಲ್ಲಿ ಗೆರೆಯನ್ನು ಎರಡು ತುಂಡು ಮಾಡಿದರೆ ಸರಿಹೋಗುತ್ತದೆ.

ದೇಶಗಳಿಗೆ ಬಣ್ಣ ತುಂಬುವ ನಕ್ಷೆ ಎಲ್ಲರಿಗೂ ಇಷ್ಟ. ನನಗೆ ಅದರ ಮೇಲೆ ಒಲವಿಲ್ಲ, ಕಾರಣ ಹೇಳುತ್ತೇನೆ. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಎರಡು ದಿನ ಇದ್ದವರ ನಕ್ಷೆಯಲ್ಲಿ ಪೆಸಿಫಿಕ್ ದಡದವರೆಗೆ ಸುಮಾರು 1.7 ಕೋಟಿ ಚದರ ಕಿಲೋಮೀಟರ್ ಬಣ್ಣ ತುಂಬುತ್ತದೆ. ಸಿಂಗಪುರದಲ್ಲಿ ಹತ್ತು ವರ್ಷ ಬಾಳಿದವರಿಗೆ ಸೂಜಿಮೊನೆಯಷ್ಟೂ ಕಾಣುವುದಿಲ್ಲ. ಬಣ್ಣವೇ ಬೇಕು ಅಂದರೆ ರಾಜ್ಯ, ಪ್ರಾಂತ್ಯದ ಮಟ್ಟಕ್ಕೆ ಇಳಿಯಿರಿ. ನ್ಯಾಚುರಲ್ ಅರ್ಥ್ ಅನ್ನುವ ಮುಕ್ತ ನಕ್ಷೆ ಸಂಗ್ರಹದಲ್ಲಿ ಆ ಗಡಿಗಳು ಸಿಗುತ್ತವೆ, ಯಾರ ಅನುಮತಿಯೂ ಬೇಡ. ಅದಕ್ಕಿಂತ ಚೆಂದದ್ದು ಚೌಕಗಳ ಲೆಕ್ಕ. ಆನ್‌ಲೈನ್ ನಕ್ಷೆಗಳು ಜಗತ್ತನ್ನು ಚೌಕಗಳಾಗಿ ಕತ್ತರಿಸಿ ತೋರಿಸುತ್ತವೆ, ಜೂಮ್ 14ರಲ್ಲಿ ಒಂದು ಚೌಕ ಸಮಭಾಜಕದ ಹತ್ತಿರ ಸುಮಾರು 2.4 ಕಿಲೋಮೀಟರ್. ಕಾಲಿಟ್ಟ ಚೌಕಕ್ಕೆ ಮಾತ್ರ ಬಣ್ಣ. ಸೈಕಲ್ ಹೊಡೆಯುವವರಲ್ಲಿ ಇದು ದೊಡ್ಡ ಹವ್ಯಾಸ. ಆದರೆ 60 ಡಿಗ್ರಿ ಅಕ್ಷಾಂಶದಲ್ಲಿ ಅದೇ ಚೌಕ ಅರ್ಧಕ್ಕೆ, 1.2 ಕಿಲೋಮೀಟರಿಗೆ ಇಳಿಯುತ್ತದೆ, ಹಾಗಾಗಿ ಬೇರೆ ಬೇರೆ ದೇಶದ ಚೌಕಗಳ ಸಂಖ್ಯೆಯನ್ನು ಹೋಲಿಸಬೇಡಿ.

ಈ ಇಳಿತಕ್ಕೆ ಕಾರಣ ದುಂಡು ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ಮರ್ಕೇಟರ್ ಪದ್ಧತಿ. 1569ರಲ್ಲಿ ಹಡಗಿನವರಿಗಾಗಿ ಮಾಡಿದ್ದು, ದಿಕ್ಕು ಸರಿಯಾಗಿ ಸಿಗುತ್ತದೆ, ಧ್ರುವದ ಕಡೆಗೆ ಹೋದಂತೆಲ್ಲ ನೆಲ ಹಿಗ್ಗುತ್ತದೆ. ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ, ನಿಜದಲ್ಲಿ ಆಫ್ರಿಕಾ ಅದರ 14 ಪಟ್ಟು. ರಸ್ತೆ ಮಟ್ಟಕ್ಕೆ ಇಳಿದು ನೋಡುವಾಗ ಇದರಿಂದ ತೊಂದರೆಯಿಲ್ಲ. ಇಡೀ ಜಗತ್ತನ್ನು ಗೋಡೆಗೆ ಹಾಕುವಂತಿದ್ದರೆ ಈಕ್ವಲ್ ಅರ್ಥ್ ಅನ್ನುವ ಪದ್ಧತಿ ಬಳಸಿ, 2018ರಲ್ಲಿ ಬಂದದ್ದು, ವಿಸ್ತೀರ್ಣ ಸರಿಯಾಗಿ ತೋರಿಸುತ್ತದೆ, ನೋಡಲೂ ಹಿತ. ಗೋಡೆ ನಕ್ಷೆಗೆ ಗುಂಡುಪಿನ್ ಚುಚ್ಚುವ ಯೋಚನೆ ಇದ್ದರೆ ಒಂದು ಲೆಕ್ಕ ನೋಡಿ: ಸುಮಾರು 133 ಸೆಂಟಿಮೀಟರ್ ಅಗಲದ ವಿಶ್ವ ನಕ್ಷೆಯಲ್ಲಿ ಸಮಭಾಜಕದ ಹತ್ತಿರ 1 ಸೆಂಟಿಮೀಟರ್ ಅಂದರೆ 300 ಕಿಲೋಮೀಟರ್. 4 ಮಿಲಿಮೀಟರಿನ ಪಿನ್ ತಲೆ 120 ಕಿಲೋಮೀಟರ್ ಮುಚ್ಚುತ್ತದೆ. ನೀವು ಜಾಸ್ತಿ ಓಡಾಡಿದ ಪ್ರದೇಶಕ್ಕೆ ಬೇರೆ ದೊಡ್ಡ ನಕ್ಷೆ ಇಟ್ಟುಕೊಂಡು ಪೆನ್ಸಿಲ್ಲಿನಲ್ಲಿ ಗೆರೆ ಎಳೆಯುವುದು ಒಳ್ಳೆಯದು.

ಸರಿ, ಆ್ಯಪ್. ಗೂಗಲ್ ಮೈ ಮ್ಯಾಪ್ಸ್ ಶುರು ಮಾಡಲು ಸುಲಭ, ನಿಮ್ಮ ಸ್ಪ್ರೆಡ್‌ಶೀಟನ್ನು ನೇರ ತೆಗೆದುಕೊಳ್ಳುತ್ತದೆ, ಒಂದು ನಕ್ಷೆಗೆ 10 ಪದರ, ಪದರಕ್ಕೆ 2,000 ಸಾಲು. ನಿಮ್ಮ 35 ವರ್ಷಕ್ಕೆ ಧಾರಾಳ ಸಾಕು. ಯುಮ್ಯಾಪ್ ಇನ್ನೊಂದು, 2004ರಲ್ಲಿ ಶುರುವಾದ, ಜನರೇ ಸೇರಿ ಕಟ್ಟುವ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯ ಮೇಲೆ ನಿಂತದ್ದು, ಉಚಿತ, ಗೆರೆಗಳ ಶೈಲಿ ಬದಲಿಸುವುದು ಸಲೀಸು. ಕಲಿಯುವ ತಾಳ್ಮೆ ಇದ್ದರೆ ಕ್ಯೂಜಿಐಎಸ್‌ಗೆ ಬನ್ನಿ, ಮೊದಲ ವಾರ ತಲೆ ಕೆಡುತ್ತದೆ, ಆಮೇಲೆ ಬಿಡುವುದಿಲ್ಲ. ಯಾವುದನ್ನೇ ಆರಿಸಿ, ಬದಲಾವಣೆಯನ್ನು ಮೊದಲು ಪಟ್ಟಿಯಲ್ಲಿ ಮಾಡಿ, ನಕ್ಷೆಗೆ ಮತ್ತೆ ತುಂಬಿ. ನಕ್ಷೆಯಲ್ಲೇ ತಿದ್ದುತ್ತಾ ಹೋದರೆ ಎರಡು ತಿಂಗಳಲ್ಲಿ ಎರಡೂ ಬೇರೆ ಬೇರೆ ಕಥೆ ಹೇಳುತ್ತವೆ.

ಬೇರೆಯವರಿಗೆ ತೋರಿಸುವ ವಿಷಯ. ಪಟ್ಟಿಯಲ್ಲಿರುವ ಊರುಗಳಿಂದ ಹೆಚ್ಚು ಅಪಾಯ ಇಲ್ಲ, ಗೆರೆಗಳಿಂದ ಇದೆ. ಎಲ್ಲ ಗೆರೆಗಳೂ ಶುರುವಾಗುವ ಜಾಗ ನಿಮ್ಮ ಮನೆ. ಓಟ, ಸೈಕಲ್ ಸವಾರಿ ದಾಖಲಿಸುವ ಸ್ಟ್ರಾವಾ ಆ್ಯಪ್ ತನ್ನ ಬಳಕೆದಾರರ ಓಟದ ಗೆರೆಗಳನ್ನೆಲ್ಲ ಸೇರಿಸಿ 2017ರ ಕೊನೆಗೆ ಜಗತ್ತಿನ ನಕ್ಷೆ ಹೊರಡಿಸಿತ್ತು. 2018ರ ಜನವರಿಯಲ್ಲಿ ಜನ ಗಮನಿಸಿದ್ದೇನೆಂದರೆ, ಸೈನಿಕರು ನೆಲೆಗಳ ಸುತ್ತ ಓಡಿದ ಗೆರೆಗಳು ಕತ್ತಲ ಮರುಭೂಮಿಯಲ್ಲಿ ಬೆಳಗುತ್ತಿದ್ದವು. ಹೆಸರು ಯಾರದ್ದೂ ಇರಲಿಲ್ಲ, ಆದರೂ ಗುಟ್ಟು ಹೊರಬಿತ್ತು. ಮನೆಯ ಸುತ್ತ 500 ಮೀಟರ್ ಗೆರೆ ಅಳಿಸುವುದು ಎಲ್ಲರೂ ಹೇಳುವ ಉಪಾಯ. ಆದರೆ ಎಲ್ಲ ಗೆರೆಗಳನ್ನೂ ಅದೇ ದೂರದಲ್ಲಿ ಕತ್ತರಿಸಿದರೆ ತುದಿಗಳೆಲ್ಲ ಸೇರಿ ಒಂದು ವೃತ್ತ ಆಗುತ್ತದೆ, ಅದರ ನಡುಬಿಂದು ಮತ್ತೆ ನಿಮ್ಮ ಮನೆಯೇ! ವೃತ್ತದ ನಡುವನ್ನು ಮನೆಯಿಂದ ಒಂದಿಷ್ಟು ಆಚೆ ಇಟ್ಟು ಕತ್ತರಿಸಿ. ಪ್ರಯಾಣ ಮುಗಿದು ವಾಪಸ್ ಬಂದ ಮೇಲೆ ಹಾಕಿ. ಜೊತೆಗೆ ಬಂದವರ ಹೆಸರಿನ ಕಾಲಂ ಹಂಚುವ ಪ್ರತಿಯಲ್ಲಿ ಬೇಡ. ಅಪರೂಪದ ಪ್ರಾಣಿಯನ್ನೋ ಹಕ್ಕಿ ಗೂಡನ್ನೋ ನೋಡಿದ ಜಾಗ ಇದ್ದರೆ ಅಕ್ಷಾಂಶ ರೇಖಾಂಶವನ್ನು ಬಿಂದುವಿನ ಆಚೆ ಒಂದೇ ಅಂಕಿಗೆ ಇಳಿಸಿ, 11 ಕಿಲೋಮೀಟರ್ ಆಚೀಚೆ ಆಗಲಿ. ಬೇಟೆಗಾರರೂ ನಕ್ಷೆ ನೋಡುತ್ತಾರೆ.

ಕೊನೆಗೆ ಅಮ್ಮನ ವಿಷಯ, ನಿಜ ಹೇಳಬೇಕೆಂದರೆ ಕೆಲಸವನ್ನು ಶುರು ಮಾಡಬೇಕಾದ್ದು ಅಲ್ಲಿಂದ. ಪಾಸ್‌ಪೋರ್ಟು ಪೆಟ್ಟಿಗೆಯಲ್ಲಿ ಇನ್ನೂ ಹತ್ತು ವರ್ಷ ಇರುತ್ತದೆ. ಅವರ ಜೊತೆ ಕೂತಾಗ 'ನಾವು ಎಲ್ಲೆಲ್ಲಿ ಹೋಗಿದ್ದೆವು' ಅಂತ ಕೇಳಬೇಡಿ, ಅದಕ್ಕೆ 'ಎಲ್ಲಾ ಕಡೆ ಹೋಗಿದ್ದೆವಲ್ಲ' ಅನ್ನುವ ಉತ್ತರ ಬರುತ್ತದೆ. ಆಲ್ಬಮ್ಮಿನ ಒಂದು ಫೋಟೊ ಮುಂದಿಟ್ಟು ಸಣ್ಣದಾಗಿ ಕೇಳಿ. ರಾತ್ರಿ ಇಳಿದೆವಾ, ಬೆಳಗ್ಗೆಯಾ? ಸ್ಟೇಷನ್‌ನಿಂದ ನಡೆದೇ ಹೋದೆವಾ? ನದಿ ಯಾವ ಕೈಗೆ ಇತ್ತು? ಉಳಿದ ಮನೆಯ ಕಿಟಕಿಯಿಂದ ಏನು ಕಾಣುತ್ತಿತ್ತು? ಆಗ ನನಗೆ ಎಷ್ಟು ವಯಸ್ಸು, ಶಾಲೆಗೆ ಸೇರಿದ್ದೆನಾ? ಕೊನೆಯ ಪ್ರಶ್ನೆ ವರ್ಷವನ್ನು ಕೊಡುತ್ತದೆ, ಮೊದಲಿನವು ಜಾಗವನ್ನು ಕೊಡುತ್ತವೆ. ಬೆಳಗ್ಗೆ ಇಳಿದು, ನಡೆದು, ನದಿ ಎಡಗೈಗೆ ಇತ್ತು, ಎದುರಿಗೆ ಬೆಟ್ಟ ಅಂದರೆ ಎತ್ತರ ತೋರಿಸುವ ನಕ್ಷೆಯಲ್ಲಿ ಆ ದಂಡೆಯನ್ನು ಹುಡುಕಬಹುದು, ನಾನು ಹೀಗೆ ಒಂದು ಮನೆಯ ಬೀದಿಯವರೆಗೆ ಹೋಗಿ ಮುಟ್ಟಿದ್ದೇನೆ. ಫೋನಿನಲ್ಲಿ ಅವರ ದನಿ ದಾಖಲಿಸಿಕೊಳ್ಳಿ, ಕಡತಕ್ಕೆ ಆ ಸಾಲಿನ ಸಂಖ್ಯೆಯನ್ನೇ ಹೆಸರಾಗಿ ಇಡಿ. ಒಂದು ಸಲಕ್ಕೆ ನಾಲ್ಕು ಫೋಟೊಗಿಂತ ಜಾಸ್ತಿ ಬೇಡ, ಅವರಿಗೆ ಆಯಾಸ ಆಗುತ್ತದೆ. ಸಂಜೆ ಆ ನಾಲ್ಕು ಚುಕ್ಕೆಗಳನ್ನು ನಕ್ಷೆಗೆ ಹಾಕಿ ಅವರಿಗೇ ಮೊದಲು ತೋರಿಸಿ. 'ಇಲ್ಲ, ಆ ಕಡೆ ದಂಡೆ' ಅಂತ ಅವರು ಬೆರಳಿಟ್ಟು ತಿದ್ದಿದರೆ ಅಲ್ಲೇ ತಿದ್ದಿ, 'ಎಲ್ಲಿಂದ ತಿಳಿಯಿತು' ಅನ್ನುವ ಕಾಲಂನಲ್ಲಿ ಅವತ್ತಿನ ದಿನಾಂಕ ಹಾಕಿ ಬರೆದಿಡಿ.